16 ಪುಟದ ಬೀಗ: ಆತ್ಮಕಥೆಯ ಕಾಮಿಕ್ಸ್ ಒಂದನ್ನು ಕೈಯಾರೆ ಕಟ್ಟಿದ ಬಗೆ

ಮೊದಲು ವಸ್ತುವಿನ ವಿವರ. ಎ5 ಅಳತೆ, 16 ಪುಟ, ಕಪ್ಪು-ಬಿಳುಪು. ನಾಲ್ಕು ಎ4 ಹಾಳೆಗಳ ಎರಡೂ ಬದಿಗೆ ಮುದ್ರಿಸಿ, ನಡುವೆ ಮಡಚಿ, ಮೂರು ತೂತು ಕೊರೆದು ದಾರದಲ್ಲಿ ಹೊಲಿದದ್ದು. ಹೆಸರು ‘ಬೀಗ’. ಮನೆಗೆ ಬೀಗ ಹಾಕಿ, ಜಗ್ಗಿ ನೋಡಿ, ಹೊರಟು, ಅರ್ಧ ದಾರಿಗೆ ಹೋದಮೇಲೆ ‘ಹಾಕಿದೆನಾ?’ ಅನ್ನಿಸಿ ವಾಪಸು ಬಂದು ಮತ್ತೆ ಜಗ್ಗಿ ನೋಡುವುದು ನನ್ನ ಚಾಳಿ. ಆ ಚಾಳಿಯೂ ಅದನ್ನು ಅಕ್ಕ ಸಂಭಾಳಿಸಿದ ರೀತಿಯೂ ಸೇರಿದರೆ ಪೂರ್ತಿ ಕತೆ ಮುಗಿಯಿತು.

ಇಂಥ ಕಾಮಿಕ್ಸ್ ಓದುವ ಹುಚ್ಚು ನನಗೆ ಹಳೆಯದು. ಯಾರೋ ಒಬ್ಬರು ತಮ್ಮ ಒಂದು ವಿಚಿತ್ರ ಗುಣವನ್ನು ಮುಂದಿಟ್ಟುಕೊಂಡು, ಅರ್ಧ ನಾಚಿಕೊಂಡು ಅರ್ಧ ನಗುತ್ತ ಬರೆದಿರುತ್ತಾರೆ. ಅಮೆರಿಕದ ಜಸ್ಟಿನ್ ಗ್ರೀನ್ 1972ರಲ್ಲಿ ತಮ್ಮ ಧಾರ್ಮಿಕ ಭಯಗಳನ್ನೂ ಗೀಳುಗಳನ್ನೂ ಬಿಂಕಿ ಬ್ರೌನ್ ಎಂಬ ಹುಡುಗನ ತಲೆಗೆ ಕಟ್ಟಿ ಕಾಮಿಕ್ಸ್ ಮಾಡಿದರು. ಅದರ ಆರಂಭದಲ್ಲೇ ಅವರು ಕೈ ಕಟ್ಟಿಸಿಕೊಂಡು, ತಲೆಕೆಳಗಾಗಿ ನೇತಾಡುತ್ತ, ಬಾಯಲ್ಲಿ ಪೆನ್ನು ಕಚ್ಚಿ ಚಿತ್ರ ಬರೆಯುತ್ತಿರುವಂತೆ ತಮ್ಮನ್ನೇ ತೋರಿಸಿಕೊಂಡಿದ್ದಾರೆ. ಬೀಗ ಜಗ್ಗುವ ನನ್ನಂಥವಳಿಗೆ ಆ ಒಂದು ಚಿತ್ರವೇ ಅನುಮತಿ ಪತ್ರ.

ಓದುತ್ತ ಹೋದಂತೆ ಒಂದು ಅನುಮಾನ ಬಲಿಯಿತು. ಈ ಪುಸ್ತಕಗಳು ನಮ್ಮನ್ನು ಹಿಡಿಯುವುದು ಲೇಖಕರು ಮನಸ್ಸು ಬಿಚ್ಚಿ ತೋಡಿಕೊಳ್ಳುವುದರಿಂದ ಅಂತ ಎಲ್ಲರೂ ಹೇಳುತ್ತಾರೆ. ತೋಡಿಕೊಳ್ಳುವುದು ಯಾರಿಗೆ ಬರುವುದಿಲ್ಲ? ಎಲ್ಲರ ಡೈರಿಯಲ್ಲೂ ಅದೇ ಇರುತ್ತದೆ, ಆದರೂ ಬೇರೆಯವರ ಡೈರಿಯನ್ನು ಮೂರು ಪುಟಕ್ಕಿಂತ ಹೆಚ್ಚು ಓದಲಾಗುವುದಿಲ್ಲ. ಹಾಗಾದರೆ ಆ ಆಪ್ತತೆ ಗೆರೆಯಲ್ಲಿ, ಅಕ್ಷರದಲ್ಲಿ, ಚೌಕಟ್ಟಿನ ಅಳತೆಯಲ್ಲಿ, ಏನನ್ನು ಬಿಡುತ್ತಾರೆ ಎಂಬುದರಲ್ಲಿ ಇರಬೇಕು. ಇದನ್ನು ಪರೀಕ್ಷಿಸಲು ಒಂದು ಪುಸ್ತಿಕೆಯನ್ನು ಬುಡದಿಂದ ಕಟ್ಟಿ ನೋಡುವುದಕ್ಕಿಂತ ಒಳ್ಳೆಯ ದಾರಿ ನನಗೆ ಹೊಳೆಯಲಿಲ್ಲ.

ಕಡ್ಡಿ ಗೊಂಬೆಗಳ ಕರಡು

ಮೊದಲ ಕರಡು ಪೂರ್ತಿ ಕಡ್ಡಿ ಗೊಂಬೆಗಳಲ್ಲೇ. ಬಳಸಿ ಬಿಟ್ಟ ಹಾಳೆಗಳ ಹಿಂಬದಿಯಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಚೌಕಟ್ಟುಗಳು, ಒಳಗೆ ದುಂಡು ತಲೆ, ನಾಲ್ಕು ಗೆರೆ, ಮಾತು. ಚಿತ್ರ ಬರೆಯಲು ಬರುವುದಿಲ್ಲ ಎಂದು ಹಿಂಜರಿಯುವವರು ಹಾರ್ವಿ ಪೀಕರ್ ಅವರನ್ನು ನೆನೆಯಬೇಕು. ಕ್ಲೀವ್‌ಲ್ಯಾಂಡಿನ ಒಂದು ಆಸ್ಪತ್ರೆಯಲ್ಲಿ ಫೈಲ್ ಗುಮಾಸ್ತರಾಗಿದ್ದ ಅವರು 1976ರಿಂದ ತಮ್ಮ ದಿನನಿತ್ಯದ ಕಿರಿಕಿರಿಗಳನ್ನೇ ‘ಅಮೆರಿಕನ್ ಸ್ಪ್ಲೆಂಡರ್’ ಎಂದು ಪ್ರಕಟಿಸಿದರು. ಅವರು ಬರೆಯುತ್ತಿದ್ದದ್ದು ಕಡ್ಡಿ ಗೊಂಬೆಗಳನ್ನು. ಅವುಗಳ ಮೇಲೆ ಬೇರೆ ಕಲಾವಿದರು ಚಿತ್ರ ಕಟ್ಟುತ್ತಿದ್ದರು. ಕಡ್ಡಿ ಗೊಂಬೆಯ ಲಾಭ ಏನೆಂದರೆ ಚಂದ ಮಾಡುವ ಆಸೆ ಹುಟ್ಟುವುದಿಲ್ಲ, ಹಾಗಾಗಿ ಸಮಯದ ಹಂಚಿಕೆ ಬೆತ್ತಲಾಗಿ ಕಾಣುತ್ತದೆ. ಯಾವ ಚೌಕಟ್ಟು ಬೇಕು, ಯಾವುದು ಬೇಡ, ಯಾರು ಎಷ್ಟು ಹೊತ್ತು ಸುಮ್ಮನಿರುತ್ತಾರೆ ಎಂಬುದೆಲ್ಲ ಇಲ್ಲೇ ತೀರ್ಮಾನವಾಗಬೇಕು.

ಕರಡಿನಲ್ಲಿ ಒಂದು ಸಂಗತಿ ಸ್ಪಷ್ಟವಾಯಿತು. ‘ನನಗೆ ಆತಂಕವಾಗುತ್ತದೆ’ ಎಂದು ಗೊಂಬೆಯ ಬಾಯಿಂದ ಹೇಳಿಸಿದ ಪುಟಗಳೆಲ್ಲ ಸತ್ತಂತಿದ್ದವು. ಅದೇ ಗೊಂಬೆ ಬೀಗದ ಮುಂದೆ ನಿಂತು, ಮುಂದಿನ ಚೌಕಟ್ಟಿನಲ್ಲೂ ಅಲ್ಲೇ ನಿಂತು, ಅದರ ಮುಂದಿನದರಲ್ಲೂ ಅಲ್ಲೇ ನಿಂತು, ಹಿನ್ನೆಲೆಯಲ್ಲಿ ಬಸ್ ಮಾತ್ರ ಹೋಗಿಬಿಟ್ಟ ಪುಟ ಜೀವಂತವಾಗಿತ್ತು. ಹೇಳುವ ಪುಟಗಳನ್ನೆಲ್ಲ ತೆಗೆದೆ. ಕತೆ ಅರ್ಧಕ್ಕಿಳಿಯಿತು, 16 ಪುಟಕ್ಕೆ ಸರಿಯಾಯಿತು. 16 ಎಂದು ಹಟ ಹಿಡಿಯಲು ಕಾರಣ ಸರಳ: ಮಡಚಿ ಹೊಲಿಯುವ ಪುಸ್ತಿಕೆಯಲ್ಲಿ ಒಂದು ಹಾಳೆಗೆ ನಾಲ್ಕು ಪುಟ, ಆದ್ದರಿಂದ ಒಟ್ಟು ಪುಟ ನಾಲ್ಕರ ಗುಣಕವೇ ಆಗಿರಬೇಕು. ಕತೆಗೆ 14 ಪುಟ ಸಾಕೆನಿಸಿದರೂ 16ಕ್ಕೆ ಹಿಗ್ಗಿಸಬೇಕು ಇಲ್ಲವೇ 12ಕ್ಕೆ ಕುಗ್ಗಿಸಬೇಕು.

ಪುಟ ತಿರುವುವ ಜಾಗವನ್ನೂ ಇಲ್ಲೇ ಲೆಕ್ಕ ಹಾಕಿದೆ. ತೆರೆದ ಪುಸ್ತಕದಲ್ಲಿ ಬೆಸ ಸಂಖ್ಯೆಯ ಪುಟ ಬಲಕ್ಕೆ, ಸಮ ಸಂಖ್ಯೆಯದು ಎಡಕ್ಕೆ. ಓದುಗರಿಗೆ ಮೊದಲೇ ಕಾಣಬಾರದ್ದು ಯಾವಾಗಲೂ ಸಮ ಸಂಖ್ಯೆಯ ಪುಟದಲ್ಲಿರಬೇಕು, ಏಕೆಂದರೆ ಅಲ್ಲಿಗೆ ಬರಲು ಹಾಳೆ ತಿರುವಲೇಬೇಕು. ಅಕ್ಕ ಬೇರೆ ಊರಿಗೆ ಹೋದಮೇಲೆ ನಾನು ಮೊದಲ ಸಲ ಬೀಗದ ಫೋಟೋ ತೆಗೆದು ಅವಳಿಗೆ ಕಳಿಸುವುದು 11ನೇ ಪುಟದ ಕೊನೆಯಲ್ಲಿ. ಅವಳ ಉತ್ತರ 12ರ ಮೇಲ್ತುದಿಯಲ್ಲಿ. ನಡುವೆ ಒಂದು ಹಾಳೆ ತಿರುವುವಷ್ಟು ಕಾಯುವಿಕೆ. ಪ್ರತಿದಿನ ನಾನು ಕಾಯುತ್ತಿದ್ದುದೂ ಹೆಚ್ಚುಕಡಿಮೆ ಅಷ್ಟೇ.

ಅಳತೆ

ಮೂಲ ಚಿತ್ರವನ್ನು ಮುದ್ರಣಕ್ಕಿಂತ ದೊಡ್ಡದಾಗಿ ಬರೆದು ಕುಗ್ಗಿಸುವುದು ಕಾಮಿಕ್ಸ್ ಕಸುಬಿನ ಹಳೆಯ ಪದ್ಧತಿ. ಕುಗ್ಗಿದಾಗ ಗೆರೆಯ ನಡುಕ ಮಾಯವಾಗಿ ಎಲ್ಲ ನುಣುಪಾಗುತ್ತದೆ. ಎ4ನಲ್ಲಿ ಬರೆದು ಎ5ಗೆ ಇಳಿಸಿದರೆ ಅಳತೆ ಸುಮಾರು 71 ಶೇಕಡಾಕ್ಕೆ ಬರುತ್ತದೆ, 0.45 ಮಿಲಿಮೀಟರ್ ಪೆನ್ನಿನ ಗೆರೆ ಸುಮಾರು 0.32 ಆಗುತ್ತದೆ. ಇದಕ್ಕೆ ವಿರುದ್ಧವಾಗಿ ಆರ್ಟ್ ಸ್ಪೀಗಲ್‌ಮನ್ ತಮ್ಮ ತಂದೆಯ ನೆನಪುಗಳ ಕಾಮಿಕ್ಸ್ ‘ಮೌಸ್’ನ ಪುಟಗಳನ್ನು ಮುದ್ರಣದ ಅಳತೆಯಲ್ಲೇ, ಫೌಂಟನ್ ಪೆನ್ನಿನಲ್ಲಿ ಬರೆದರು. ಕೈಬರಹದ ಪತ್ರವೊಂದನ್ನು ಓದಿದ ಭಾವ ಆ ಪುಟಗಳಲ್ಲಿ ಉಳಿದಿರುವುದಕ್ಕೆ ಅದೂ ಒಂದು ಕಾರಣ ಎಂದು ನನ್ನ ನಂಬಿಕೆ.

ಒಂದೇ ಚೌಕಟ್ಟನ್ನು ಎರಡೂ ರೀತಿ ಬರೆದು, ಜೆರಾಕ್ಸ್ ಮಾಡಿ, ಪಕ್ಕಪಕ್ಕದಲ್ಲಿ ಗೋಡೆಗೆ ಅಂಟಿಸಿದೆ. ಕುಗ್ಗಿಸಿದ್ದು ನಿಸ್ಸಂದೇಹವಾಗಿ ಹೆಚ್ಚು ಚಂದ. ಆದರೆ ಅದರಲ್ಲಿ ಬೀಗ ಜಗ್ಗುವ ಕೈ ತುಂಬ ನಿಶ್ಚಿಂತವಾಗಿ ಕಾಣುತ್ತಿತ್ತು. ಅದೇ ಅಳತೆಯಲ್ಲಿ ಬರೆದ ಕೈ ಸ್ವಲ್ಪ ಅದುರುತ್ತಿತ್ತು. ಕತೆಗೆ ಬೇಕಾದದ್ದು ಆ ಕೈ. ಹಾಗಾಗಿ ಕುಗ್ಗಿಸುವುದು ಬೇಡ ಎಂದು ತೀರ್ಮಾನಿಸಿದೆ. ಇಲ್ಲಿ ಒಂದು ಎಚ್ಚರಿಕೆ. ಬೇಕೆಂದೇ ನಡುಗಿಸಿ ಬರೆದ ಗೆರೆ ಕೂಡಲೇ ಗೊತ್ತಾಗಿಬಿಡುತ್ತದೆ. ನೇರವಾಗಿ ಎಳೆಯಲು ಪ್ರಾಮಾಣಿಕವಾಗಿ ಪ್ರಯತ್ನಿಸಬೇಕು, ನಡುಕ ತಾನಾಗಿ ಉಳಿಯಬೇಕು.

ಎ5 ಪುಟ 148 x 210 ಮಿಲಿಮೀಟರ್. ಮೇಲೆ ಕೆಳಗೆ 10, ಹೊರ ಅಂಚಿಗೆ 10, ಹೊಲಿಗೆಯ ಬದಿಗೆ 13 ಬಿಟ್ಟೆ. ಉಳಿದದ್ದು 125 x 190. ಚೌಕಟ್ಟುಗಳ ನಡುವೆ 5 ಮಿಲಿಮೀಟರ್ ಖಾಲಿ ಪಟ್ಟಿ ಇಟ್ಟರೆ ಅಡ್ಡಕ್ಕೆ ಎರಡು, ಉದ್ದಕ್ಕೆ ಮೂರು, ಒಟ್ಟು ಆರು ಚೌಕಗಳು, ಪ್ರತಿಯೊಂದೂ ಸರಿಯಾಗಿ 60 x 60. ಇಷ್ಟು ಅಚ್ಚುಕಟ್ಟಾಗಿ ಲೆಕ್ಕ ಕೂಡಿದ್ದಕ್ಕೆ ನನಗೆ ಅತಿಯಾದ ಖುಷಿಯಾಯಿತು, ಯಾರಿಗೂ ಹೇಳಿಕೊಳ್ಳಲಾಗದಂಥ ಖುಷಿ. ಒಂದೇ ಅಳತೆಯ ಚೌಕಗಳು ಒಂದರ ಹಿಂದೆ ಒಂದು ಬರುವುದರಿಂದ ಮತ್ತೆ ಮತ್ತೆ ಅದೇ ಕೆಲಸ ಮಾಡುವ ಚಾಳಿ ಪುಟದ ತಾಳವೇ ಆಗಿಬಿಡುತ್ತದೆ. ಆ ತಾಳ ಮುರಿಯುವುದು ಎರಡೇ ಕಡೆ: ನಡು ಪುಟಗಳಲ್ಲಿ, ಮತ್ತು 11ರಲ್ಲಿ. ಕಾರಣ ಆಮೇಲೆ ಹೇಳುತ್ತೇನೆ.

ಮುಖಕ್ಕೆ ಎರಡು ಚುಕ್ಕೆ, ಬೀಗಕ್ಕೆ ಎಲ್ಲ ಗೀರು

ನನ್ನನ್ನು ನಾನು ಹೇಗೆ ಬರೆದುಕೊಳ್ಳಬೇಕು ಎಂಬುದಕ್ಕೆ ಕನ್ನಡಿ ಸಹಾಯ ಮಾಡುವುದಿಲ್ಲ. ಕನ್ನಡಿ ನೋಡಿ ಬರೆದದ್ದೆಲ್ಲ ಗುರುತಿನ ಚೀಟಿಯ ಫೋಟೋ ಆಯಿತು. ಸ್ಕಾಟ್ ಮಕ್‌ಕ್ಲೌಡ್ 1993ರಲ್ಲಿ ಬರೆದ, ಕಾಮಿಕ್ಸ್ ಕುರಿತ ಕಾಮಿಕ್ಸ್ ಪುಸ್ತಕದಲ್ಲಿ ಒಂದು ವಾದವಿದೆ: ಮುಖ ಎಷ್ಟು ಸರಳವಾಗುತ್ತದೋ ಅಷ್ಟು ಹೆಚ್ಚು ಜನ ಅದರೊಳಗೆ ತಮ್ಮನ್ನು ಇಟ್ಟುಕೊಳ್ಳಬಲ್ಲರು, ಸುತ್ತಲ ಜಗತ್ತನ್ನು ಮಾತ್ರ ವಿವರವಾಗಿ ಬರೆಯಬಹುದು. ಅದನ್ನು ಅಕ್ಷರಶಃ ಪಾಲಿಸಿದೆ. ನನಗೆ ದುಂಡು ತಲೆ, ಕಣ್ಣಿಗೆ ಎರಡು ಚುಕ್ಕೆ, ಎಡ ಹೆಗಲಿಗೆ ಸದಾ ಒಂದು ಚೀಲ. ಹಿಂದಿನಿಂದ ಬರೆದರೂ ದೂರದಿಂದ ಬರೆದರೂ ಚೀಲ ನೋಡಿ ನಾನೆಂದು ಗೊತ್ತಾಗುತ್ತದೆ. ಅಕ್ಕನಿಗೆ ಎತ್ತರ, ಉದ್ದ ಮೂಗು, ಸದಾ ಮಡಚಿದ ತೋಳು.

ಬೀಗಕ್ಕೆ ಮಾತ್ರ ಪೂರ್ತಿ ಮರ್ಯಾದೆ. ಹಿತ್ತಾಳೆಯ ಮೈ, ಕೀಲಿತೂತಿನ ಸುತ್ತ ತಪ್ಪಿದ ಕೀಲಿಯ ಗೀರುಗಳು, ಕೊಂಡಿಯ ಒಂದು ಬದಿ ಸವೆದು ಹೊಳೆಯುವುದು, ಚಿಲಕದ ಮೊಳೆಯ ಕೆಳಗಿನ ತುಕ್ಕಿನ ಕಲೆ. ಮುಖವಿಲ್ಲದ ನಾನು, ಸಾವಿರ ಗೀರಿನ ಬೀಗ. ಪುಸ್ತಿಕೆಯಲ್ಲಿ ಗೀಳು ಎಂಬ ಮಾತು ಎಲ್ಲೂ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ.

ನಡೆದು ಹೋಗುತ್ತಿದ್ದವಳು ತಟ್ಟನೆ ನಿಂತು ತಿರುಗುವ ಭಂಗಿ ಕಲ್ಪನೆಯಿಂದ ಬರಲಿಲ್ಲ. ಅಲಿಸನ್ ಬೆಕ್‌ಡೆಲ್ ತಂದೆಯ ಕುರಿತ ತಮ್ಮ ಆತ್ಮಕಥೆಯ ಕಾಮಿಕ್ಸ್ ‘ಫನ್ ಹೋಮ್’ (2006) ಬರೆಯುವಾಗ ಪ್ರತಿ ಪಾತ್ರದ ಭಂಗಿಗೂ ತಾವೇ ನಿಂತು ಫೋಟೋ ತೆಗೆದುಕೊಂಡು ಅದನ್ನು ನೋಡಿ ಬರೆದರು. ತಂದೆಯ ಪಾತ್ರಕ್ಕೂ ಅವರೇ ನಿಂತರು. ನಾನೂ ಫೋನಿಗೆ ಟೈಮರ್ ಹಾಕಿ ಗೋಡೆಗೆ ಒರಗಿಸಿ, ಹೆಗಲಿಗೆ ಚೀಲ ತಗುಲಿಸಿ, ಕೋಣೆಯಲ್ಲೇ ನಡೆದು ತಿರುಗಿದೆ. ಫೋಟೋ ನೋಡಿದ ಮೇಲೆ ಗೊತ್ತಾದದ್ದು: ಅನುಮಾನ ಬಂದಾಗ ನಾನು ಮೊದಲು ತಿರುಗಿಸುವುದು ತಲೆಯನ್ನಲ್ಲ, ಪಾದವನ್ನು. ಒಂದು ಪಾದ ಮನೆಯ ಕಡೆ, ಒಂದು ಬಸ್ಸಿನ ಕಡೆ. ಅಕ್ಕನ ಹಾಗೆ ತೋಳು ಮಡಚಿ ನಿಂತಾಗ ಇನ್ನೊಂದು ತಿಳಿಯಿತು. ಆ ಭಂಗಿಯಲ್ಲಿ ನಿಂತವರಿಗೆ ಸಿಟ್ಟಿಗಿಂತ ಹೆಚ್ಚಾಗಿ ಚಳಿಯೋ ಆಯಾಸವೋ ಆಗಿರುತ್ತದೆ. ಇಷ್ಟು ವರ್ಷ ಅದನ್ನು ಸಿಟ್ಟೆಂದೇ ಓದಿಕೊಂಡಿದ್ದೆ. ಪಾತ್ರದ ಹುಬ್ಬನ್ನು ಸ್ವಲ್ಪ ಇಳಿಸಿದೆ.

ಕನ್ನಡದ ಅಕ್ಷರಕ್ಕೆ ಜಾಗ

ಅತಿ ಹೆಚ್ಚು ಕೆಲಸ ಕೊಟ್ಟದ್ದು ಮಾತಿನ ಗುಳ್ಳೆಗಳು. ಕಂಪ್ಯೂಟರ್ ಅಕ್ಷರ ಹಾಕಬಹುದಿತ್ತು, ಬೇಗ ಮುಗಿಯುತ್ತಿತ್ತು. ಆದರೆ ಕೈಯಲ್ಲಿ ಬರೆದ ಚಿತ್ರದ ನಡುವೆ ಅಚ್ಚಿನ ಅಕ್ಷರ ಬಂದರೆ ಮಾತನಾಡುವವರು ಬೇರೆ ಯಾರೋ ಅನ್ನಿಸುತ್ತದೆ. ಕೈಬರಹವೇ ಇರಲಿ ಎಂದಮೇಲೆ ಇಂಗ್ಲಿಷ್ ಕಾಮಿಕ್ಸ್‌ನ ಸೂತ್ರಗಳು ಕೆಲಸಕ್ಕೆ ಬರುವುದಿಲ್ಲ. ಅವರು ದೊಡ್ಡಕ್ಷರಗಳಲ್ಲೇ ಬರೆಯುವುದರಿಂದ ಎಲ್ಲ ಅಕ್ಷರಗಳ ಎತ್ತರ ಒಂದೇ, ಸಾಲುಗಳನ್ನು ಒತ್ತಾಗಿ ಪೇರಿಸಬಹುದು. ನಮಗೆ ಮೇಲೆ ಗುಡಿಸು, ಏತ್ವ. ಕೆಳಗೆ ಒತ್ತಕ್ಷರ, ಕೆಲವೊಮ್ಮೆ ಒತ್ತಿನ ಕೆಳಗೆ ಇನ್ನೊಂದು ಒತ್ತು. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಢಿಕ್ಕಿ ಹೊಡೆದರೆ ಓದುವವರು ಅಲ್ಲೇ ಎಡವುತ್ತಾರೆ.

ಅಳೆದು ನೋಡಿದಾಗ ನನ್ನ ಕೈಗೆ ಹೊಂದಿದ್ದು ಇದು: ಅಕ್ಷರದ ಮೈ 3 ಮಿಲಿಮೀಟರ್, ಸಾಲಿನಿಂದ ಸಾಲಿಗೆ 7. ಅಂದರೆ ನಾಲ್ಕು ಸಾಲಿಗೆ 28 ಮಿಲಿಮೀಟರ್, 60ರ ಚೌಕಟ್ಟಿನಲ್ಲಿ ಹತ್ತಿರ ಹತ್ತಿರ ಅರ್ಧ. 50 ಮಿಲಿಮೀಟರ್ ಅಗಲದ ಗುಳ್ಳೆಯಲ್ಲಿ ಸಾಲಿಗೆ ಮೂರು ಪದ ಹಿಡಿಯುತ್ತದೆ. ಹಾಗಾಗಿ ಚೌಕಟ್ಟಿಗೆ 12 ಪದ ಎಂದು ನಿಯಮ ಮಾಡಿಕೊಂಡೆ. ಈ ನಿಯಮ ಅಕ್ಷರಕ್ಕೆಂದು ಹುಟ್ಟಿ ಕತೆಗೆ ಉಪಕಾರ ಮಾಡಿತು. 12 ಪದಗಳಲ್ಲಿ ಯಾರೂ ಉಪದೇಶ ಮಾಡಲಾರರು. ಆಡುಮಾತಿಗೆ ಇಳಿದಷ್ಟೂ ಒತ್ತಕ್ಷರಗಳ ರಾಶಿ ಕಡಿಮೆಯಾಗಿ ಸಾಲುಗಳು ಸಲೀಸಾದವು. ಉಳಿದ ಕಡೆ ಸಾಲು ಮುರಿಯುವ ಜಾಗವನ್ನು ಒಂದು ಪದ ಹಿಂದೆಯೋ ಮುಂದೆಯೋ ಸರಿಸಿದರೆ ಒತ್ತಿನ ಕೆಳಗೆ ಬೋಳು ಅಕ್ಷರ ಬರುವಂತೆ ಮಾಡಬಹುದು.

ಕ್ರಮ ಮುಖ್ಯ. ಮೊದಲು ಪೆನ್ಸಿಲ್ಲಿನಲ್ಲಿ ಸಾಲು ಎಳೆಯಿರಿ, ಅಕ್ಷರ ಬರೆಯಿರಿ, ಆಮೇಲೆ ಅದರ ಸುತ್ತ ಗುಳ್ಳೆ, ಕೊನೆಗೆ ಬಾಲ. ಬಾಲ ಬಾಯಿಯ ಕಡೆ ನೋಡಬೇಕು, ತಲೆಯ ಕಡೆಯಲ್ಲ. ಗುಳ್ಳೆ ಮೊದಲು ಬರೆದು ಮಾತನ್ನು ತುರುಕಲು ಹೋದರೆ ಕೊನೆಯ ಪದ ಯಾವಾಗಲೂ ಗೋಡೆಗೆ ಒತ್ತಿಕೊಂಡು ನಿಲ್ಲುತ್ತದೆ. ಇಬ್ಬರು ಮಾತನಾಡುವ ಚೌಕಟ್ಟಿನಲ್ಲಿ ಮೊದಲು ಮಾತಾಡುವವರು ಎಡಕ್ಕಿರಬೇಕು. ಇದನ್ನು ಕರಡಿನಲ್ಲೇ ನೋಡಿಕೊಂಡರೆ ಬಾಲಗಳು ಒಂದನ್ನೊಂದು ದಾಟುವುದಿಲ್ಲ.

ಶಾಯಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೀರಿಗೆ ಕದಡದ ಪಿಗ್ಮೆಂಟ್ ಶಾಯಿಯ ಪೆನ್ನುಗಳು: ಅಕ್ಷರಕ್ಕೂ ಮುಖಕ್ಕೂ 0.45, ಬೀಗದ ಗೀರಿಗೆ 0.25, ಚೌಕಟ್ಟಿನ ಅಂಚಿಗೆ 0.5. ನುಣುಪಾದ ದಪ್ಪ ಡ್ರಾಯಿಂಗ್ ಹಾಳೆ. ಕರಡು ಗೆರೆಗೆ ತಿಳಿ ನೀಲಿ ಪೆನ್ಸಿಲ್, ಅದರಿಂದ ಒಂದು ಲಾಭವಿದೆ, ಸ್ಕ್ಯಾನಿಂಗಿನಲ್ಲಿ ಹೇಳುತ್ತೇನೆ. ನೆರಳಿಗೆ ಬೂದು ಬಣ್ಣ ಬಳಿಯಲಿಲ್ಲ. ಜೆರಾಕ್ಸ್ ಯಂತ್ರ ಬೂದುಬಣ್ಣವನ್ನು ಕೊಳಕು ಮಾಡುತ್ತದೆ. ಪಕ್ಕಪಕ್ಕದ ಗೆರೆಗಳಿಂದಲೇ ನೆರಳು ಕಟ್ಟಿದೆ, ನಡುವೆ ಸುಮಾರು 1 ಮಿಲಿಮೀಟರ್ ಬಿಟ್ಟು. ತೀರ ಒತ್ತಾಗಿ ಎಳೆದರೆ ನಕಲಿನಲ್ಲಿ ಅವೆಲ್ಲ ಕೂಡಿ ಕಪ್ಪು ಮುದ್ದೆಯಾಗುತ್ತವೆ.

ಅಕ್ಕನ ಮುಂದೆ ಇಟ್ಟದ್ದು

ಶಾಯಿ ಹಾಕುವ ಮೊದಲು ಪೆನ್ಸಿಲ್ ಪುಟಗಳನ್ನು ಅಕ್ಕನಿಗೆ ತೋರಿಸಿದೆ. ಆತ್ಮಕಥೆಯ ಕಾಮಿಕ್ಸ್ ಎಂದರೂ ಅದರಲ್ಲಿ ಅರ್ಧ ಬೇರೆಯವರ ಕತೆಯೇ ಇರುತ್ತದೆ, ಅವರು ಮಾತ್ರ ಪೆನ್ನು ಹಿಡಿದಿರುವುದಿಲ್ಲ. ಶಾಯಿ ಹಾಕಿದ ಮೇಲೆ ತೋರಿಸಿದರೆ ಅದು ಕೇಳಿದಂತಲ್ಲ, ತಿಳಿಸಿದಂತೆ.

ನನಗೆ ಹೆದರಿಕೆ ಇದ್ದದ್ದು 6ನೇ ಪುಟದ ಬಗ್ಗೆ. ಅಲ್ಲಿ ಅವಳು ರಸ್ತೆಯ ನಡುವೆಯೇ ನನ್ನ ಮೇಲೆ ಕೂಗಾಡುತ್ತಾಳೆ. ಅದನ್ನು ನೋಡಿ ನಕ್ಕಳು. “ಇಷ್ಟೇನಾ ಕೂಗಿದ್ದು? ಇನ್ನೂ ಜಾಸ್ತಿ ಕೂಗಿದ್ದೆ ಕಣೇ. ಪಕ್ಕದ ಮನೆಯವರು ಕಿಟಕಿ ತೆಗೆದಿದ್ರು, ಅದನ್ನ ಯಾಕೆ ಬಿಟ್ಟೆ?”

ಕಿಟಕಿ ಸೇರಿಸಿದೆ. ಮುಂದೆ 12ನೇ ಪುಟಕ್ಕೆ ಬಂದಾಗ ಅವಳ ಮುಖ ಗಂಟಾಯಿತು. ಬೀಗದ ಫೋಟೋಗೆ ಉತ್ತರವಾಗಿ ಅವಳು ‘ಚಿಂತೆ ಮಾಡಬೇಡ, ನಾನಿದ್ದೇನೆ’ ಎಂದು ಬರೆಯುವಂತೆ ಇಟ್ಟಿದ್ದೆ.

“ಇದು ನಾನಲ್ಲ. ಯಾವುದೋ ಸೀರಿಯಲ್‌ನ ಅಕ್ಕ. ನಾನು ಏನು ಕಳಿಸಿದ್ದೆ ಅಂತ ನಿನ್ನ ಫೋನಲ್ಲೇ ಇದೆ, ತೆಗೆದು ನೋಡು.”

ತೆಗೆದು ನೋಡಿದೆ. ಅವಳು ಕಳಿಸಿದ್ದು ಒಂದೇ ಪದ: ‘ಪಾಸ್’. ಮರುದಿನದ ಫೋಟೋಗೆ ‘ಪಾಸ್, ಆದರೆ ಫೋಟೋ ಅಲುಗಿದೆ’. ಅದರ ಮುಂದಿನದಕ್ಕೆ ‘ಇವತ್ತು ಬೀಗ ಚೆನ್ನಾಗಿ ಬಂದಿದೆ, ಫ್ರೇಮ್ ಹಾಕಿಸು’. ನನ್ನ ಚಾಳಿಯನ್ನು ವಾಸಿ ಮಾಡಲು ಹೋಗದೆ ಅದಕ್ಕೆ ಅಂಕ ಕೊಡುತ್ತ ಕೂತಿದ್ದಳು. ಪುಸ್ತಿಕೆಯ ಹೃದಯ ಅದೇ ಎಂದು ಆಗ ಗೊತ್ತಾಗಿ, 12ರಿಂದ 15ರವರೆಗಿನ ಪುಟಗಳನ್ನು ಹೊಸದಾಗಿ ಕಟ್ಟಿದೆ. ಅಲ್ಲಿ ಈಗ ಜನರೇ ಇಲ್ಲ. ಪ್ರತಿ ಚೌಕದಲ್ಲೂ ಒಂದು ಬೀಗ, ಕೆಳಗೆ ಅವಳ ತೀರ್ಪು. ಓದಿದವರೆಲ್ಲ ನಿಂತು ನೋಡುವುದು ಆ ಪುಟಗಳನ್ನೇ. ‘ನಾನಿದ್ದೇನೆ’ ಎಂಬ ಮಾತು ಯಾವ ಅಕ್ಕನ ಬಾಯಲ್ಲಾದರೂ ಬರಬಹುದು. ‘ಫೋಟೋ ಅಲುಗಿದೆ’ ಎನ್ನುವವಳು ಒಬ್ಬಳೇ.

ನಿಜ ಎಷ್ಟು ನಿಜವಾಗಿರಬೇಕು ಎಂಬ ಪ್ರಶ್ನೆಯೂ ಅಲ್ಲೇ ಎದುರಾಯಿತು. ಬೇರೆ ಬೇರೆ ದಿನಗಳ ಬೀಗಗಳನ್ನು ನಾನು ಒಂದೇ ವಾರದವು ಎಂಬಂತೆ ಜೋಡಿಸಿದ್ದೇನೆ. ಲಿಂಡಾ ಬ್ಯಾರಿ 2002ರ ‘ಒನ್! ಹಂಡ್ರೆಡ್! ಡೀಮನ್ಸ್!’ ಪುಸ್ತಕದ ಮೊದಲ ಪುಟಗಳಲ್ಲೇ, ಕೆಲವು ಭಾಗ ನಿಜವಲ್ಲದಿದ್ದರೆ ಅದು ಆತ್ಮಕಥೆಯೇ, ಕೆಲವು ಭಾಗ ನಿಜವಾಗಿದ್ದರೆ ಅದು ಕಟ್ಟುಕತೆಯೇ ಎಂದು ಕೇಳಿ, ಉತ್ತರ ಕೊಡದೆ ಮುಂದೆ ಹೋಗುತ್ತಾರೆ. ನನ್ನ ಗಡಿ ಇಷ್ಟು: ದಿನಗಳನ್ನು ಕೂಡಿಸಬಹುದು, ಮಾತನ್ನು ಸೃಷ್ಟಿಸಬಾರದು. ಇನ್ನೊಬ್ಬರ ಬಾಯಲ್ಲಿ ಅವರು ಆಡದ ಒಳ್ಳೆಯ ಮಾತನ್ನು ಇಡುವುದು, ಆಡದ ಕೆಟ್ಟ ಮಾತನ್ನು ಇಡುವುದಕ್ಕಿಂತ ಹೆಚ್ಚೇನೂ ಗೌರವದ ಕೆಲಸವಲ್ಲ.

ಇನ್ನೊಂದು ಚೌಕಟ್ಟನ್ನು, 11ನೇ ಪುಟದ್ದು, ತೆಗೆದುಬಿಡು ಎಂದಳು. ಕಾರಣ ಹೇಳಿದಳು, ಅದು ಅವಳದು, ಇಲ್ಲಿ ಬರೆಯುವುದಿಲ್ಲ. ತೆಗೆದೆ. ಆರು ಚೌಕದ ಪುಟದಲ್ಲಿ ಒಂದು ಖಾಲಿಯಾಯಿತು. ಬೇರೇನಾದರೂ ತುಂಬುವ ಬದಲು ಪಕ್ಕದ ಚೌಕವನ್ನು ಅಡ್ಡಕ್ಕೆ ಎಳೆದು 125 ಮಿಲಿಮೀಟರ್ ಮಾಡಿದೆ: ಉದ್ದನೆಯ ಖಾಲಿ ರಸ್ತೆ, ತುದಿಯಲ್ಲಿ ಫೋನ್ ಹಿಡಿದ ನಾನು. ತಾಳ ಮುರಿಯುವ ಎರಡನೇ ಜಾಗ ಎಂದೆನಲ್ಲ, ಇದೇ ಅದು. ತೆಗೆದ ಚೌಕಕ್ಕಿಂತ ಉಳಿದ ರಸ್ತೆ ಹೆಚ್ಚು ಹೇಳುತ್ತದೆ ಎಂದು ಈಗ ಅನ್ನಿಸುತ್ತದೆ, ಅವಳೂ ಹಾಗೇ ಅಂದಳು.

ಸ್ಕ್ಯಾನ್, ಜೋಡಣೆ, ಹೊಲಿಗೆ

ಗೆರೆಚಿತ್ರಕ್ಕೆ 600 ಡಿಪಿಐ (ಅಂಗುಲಕ್ಕೆ 600 ಚುಕ್ಕೆ) ಬೇಕು. ಎ5 ಪುಟ ಆಗ ಸುಮಾರು 3,500 x 4,960 ಪಿಕ್ಸೆಲ್ ಆಗುತ್ತದೆ. ಕಪ್ಪು-ಬಿಳುಪು ಚಿತ್ರವಾದರೂ ಬಣ್ಣದಲ್ಲೇ ಸ್ಕ್ಯಾನ್ ಮಾಡಿದೆ. ಬಣ್ಣದ ಚಿತ್ರದಲ್ಲಿ ಕೆಂಪು, ಹಸಿರು, ನೀಲಿ ಎಂಬ ಮೂರು ಚಾನೆಲ್ ಇರುತ್ತವೆ. ತಿಳಿ ನೀಲಿ ಪೆನ್ಸಿಲ್ ಗೆರೆ ನೀಲಿ ಬೆಳಕನ್ನು ಹಾಳೆಯಷ್ಟೇ ಚೆನ್ನಾಗಿ ಹಿಂತಿರುಗಿಸುವುದರಿಂದ ನೀಲಿ ಚಾನೆಲ್‌ನಲ್ಲಿ ಅದು ಬಹುತೇಕ ಬಿಳಿಯಾಗಿ ಮಾಯವಾಗುತ್ತದೆ. ಚಿತ್ರ ತಿದ್ದುವ ತಂತ್ರಾಂಶವಾದ ಗಿಂಪ್‌ನಲ್ಲಿ ಆ ಒಂದು ಚಾನೆಲ್ ಮಾತ್ರ ಉಳಿಸಿಕೊಂಡರೆ ರಬ್ಬರ್ ಹಿಡಿಯುವ ಕೆಲಸವೇ ಇಲ್ಲ. ರಬ್ಬರ್ ತಿಕ್ಕಿದರೆ ಶಾಯಿಯೂ ಸ್ವಲ್ಪ ಮಂಕಾಗುತ್ತದೆ, ಅದೂ ತಪ್ಪಿತು.

ಆಮೇಲೆ ಥ್ರೆಶೋಲ್ಡ್: ಯಾವ ಮಟ್ಟದಿಂದ ಕೆಳಗಿನದ್ದು ಕಪ್ಪು, ಮೇಲಿನದ್ದು ಬಿಳಿ ಎಂದು ಗೊತ್ತು ಮಾಡುವುದು. 0ಯಿಂದ (ಕಪ್ಪು) 255ರವರೆಗಿನ (ಬಿಳಿ) ಮಟ್ಟಗಳಲ್ಲಿ ನಡುವಿನ 128ಕ್ಕೆ ಇಟ್ಟರೆ ಬೀಗದ ಸಣ್ಣ ಗೀರುಗಳು ಅಲ್ಲಲ್ಲಿ ತುಂಡಾಗುತ್ತಿದ್ದವು. ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಸರಿಸುತ್ತ ಗೀರು ಕೂಡಿಕೊಂಡ, ಹಾಳೆಯ ದೂಳು ಇನ್ನೂ ಕಾಣದ ಹಂತದಲ್ಲಿ ನಿಲ್ಲಿಸಿದೆ. ಇದಕ್ಕೆ ಸೂತ್ರವಿಲ್ಲ, ಅತ್ಯಂತ ತೆಳು ಗೆರೆ ಇರುವ ಪುಟವನ್ನು ನೋಡಿ ನಿರ್ಧರಿಸಿ ಅದನ್ನೇ ಎಲ್ಲ ಪುಟಕ್ಕೂ ಹಾಕಬೇಕು. ತಿದ್ದುಪಡಿ ಇಲ್ಲಿಗೆ ಸಾಕು. ಕಂಪ್ಯೂಟರಿನಲ್ಲಿ ಗೆರೆಗಳನ್ನು ನೆಟ್ಟಗೆ ಮಾಡುವ ಆಸೆ ಬಂದೇ ಬರುತ್ತದೆ. ಒಂದು ಗೆರೆ ನೆಟ್ಟಗಾದರೆ ಪಕ್ಕದ್ದು ಸೊಟ್ಟ ಕಾಣುತ್ತದೆ, ಕೊನೆಗೆ ಯಾರದೋ ಪುಸ್ತಕ ಕೈಯಲ್ಲಿರುತ್ತದೆ.

ಪುಟಗಳ ಜೋಡಣೆಗೆ ಒಂದು ಸುಲಭ ಲೆಕ್ಕ ಇದೆ. 16 ಪುಟದ ಪುಸ್ತಿಕೆಯಲ್ಲಿ ಅಕ್ಕಪಕ್ಕ ಮುದ್ರಿತವಾಗುವ ಎರಡು ಪುಟಗಳ ಮೊತ್ತ ಯಾವಾಗಲೂ 17. ಹೊರಗಿನ ಹಾಳೆಯ ಒಂದು ಬದಿಗೆ 16 ಮತ್ತು 1, ಹಿಂಬದಿಗೆ 2 ಮತ್ತು 15. ಮುಂದಿನದು 14-3, 4-13. ಆಮೇಲೆ 12-5, 6-11. ಒಳಗಿನ ಹಾಳೆ 10-7, 8-9. ಪ್ರಿಂಟರ್‌ನಲ್ಲಿ ಎರಡೂ ಬದಿ ಮುದ್ರಿಸುವಾಗ ಹಾಳೆ ಗಿಡ್ಡ ಅಂಚಿನಲ್ಲಿ ಹೊರಳುವಂತೆ ಆಯ್ಕೆ ಮಾಡಬೇಕು, ಇಲ್ಲದಿದ್ದರೆ ಹಿಂಬದಿ ತಲೆಕೆಳಗಾಗುತ್ತದೆ. ಈ ಲೆಕ್ಕದಲ್ಲಿ 8 ಮತ್ತು 9 ಮಾತ್ರವೇ ಓದುವಾಗಲೂ ಅಕ್ಕಪಕ್ಕ, ಹಾಳೆಯಲ್ಲೂ ಅಕ್ಕಪಕ್ಕ. ಎರಡು ಪುಟಗಳ ಮೇಲೆ ಹರಡುವ ಚಿತ್ರವಿದ್ದರೆ ಅಲ್ಲೇ ಇಡಬೇಕು. ಬೇರೆ ಕಡೆ ಇಟ್ಟರೆ ಎರಡು ಭಾಗಗಳು ಬೇರೆ ಬೇರೆ ಹಾಳೆಯಲ್ಲಿದ್ದು, ಮಡಿಕೆಯಲ್ಲಿ ಒಂದಕ್ಕೊಂದು ಕೂಡುವುದಿಲ್ಲ. ನನ್ನ ದೊಡ್ಡ ಬೀಗ ಅಲ್ಲಿದೆ: ಚೌಕಟ್ಟಿಲ್ಲ, ಮಾತಿಲ್ಲ, ಎರಡೂ ಪುಟ ತುಂಬ ಹಿತ್ತಾಳೆ, ಕೆಳಮೂಲೆಯಲ್ಲಿ ಚೀಲ ಹೊತ್ತ ಪುಟ್ಟ ನಾನು. ಹೊಲಿಗೆಯ ದಾರ ಸರಿಯಾಗಿ ಕೀಲಿತೂತಿನ ಮೇಲೆ ಹಾದುಹೋಗುವಂತೆ ತೂತಿನ ಜಾಗ ನೋಡಿ ಚಿತ್ರ ಕೂರಿಸಿದೆ. ಇದು ಸ್ವಲ್ಪ ಜಂಬದ ಕೆಲಸ, ಒಪ್ಪುತ್ತೇನೆ.

ಮುದ್ರಣಕ್ಕೆ 100 ಜಿಎಸ್‌ಎಂ (ಚದರ ಮೀಟರಿಗೆ 100 ಗ್ರಾಂ ತೂಗುವ) ಹಾಳೆ. 80ರಲ್ಲಿ ಹಿಂಬದಿಯ ಕಪ್ಪು ಇಣುಕುತ್ತದೆ. ಸಾಮಾನ್ಯವಾಗಿ ಸಿಗುವ ಎ4 ಹಾಳೆಯ ನಾರು ಉದ್ದಕ್ಕೆ ಓಡುತ್ತದೆ, ನಾವು ಮಡಚುವುದು ಅದಕ್ಕೆ ಅಡ್ಡವಾಗಿ. ಹಾಗಾಗಿ ಮಡಿಕೆ ಉಬ್ಬಿ ನಿಲ್ಲುತ್ತದೆ. ಮೊದಲು ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಸ್ಕೇಲ್ ಇಟ್ಟು ಗೀರು ಹಾಕಿ, ಹಾಳೆಗಳನ್ನು ಒಂದೊಂದಾಗಿ ಮಡಚಿ, ಆಮೇಲೆ ಒಂದರೊಳಗೆ ಒಂದು ಸೇರಿಸಿದರೆ ಒಪ್ಪವಾಗಿ ಕೂರುತ್ತವೆ. ಒಳಗಿನ ಹಾಳೆ ಹೊರಗಿನದಕ್ಕಿಂತ ಕೂದಲೆಳೆಯಷ್ಟು ಮುಂದೆ ಚಾಚುತ್ತದೆ; ನಾಲ್ಕೇ ಹಾಳೆಯಾದ್ದರಿಂದ ಒಂದು ಮಿಲಿಮೀಟರಿನೊಳಗೆ. ಉಕ್ಕಿನ ಸ್ಕೇಲಿನ ಮೇಲೆ ಬ್ಲೇಡ್ ಎಳೆದು ಅಂಚು ಸಮ ಮಾಡಿದೆ.

ಸ್ಟೇಪ್ಲರ್ ಬದಲು ದಾರ ಆಯ್ದುಕೊಂಡದ್ದಕ್ಕೆ ಎರಡು ಕಾರಣ. ಮಾಮೂಲಿ ಸ್ಟೇಪ್ಲರ್‌ನ ತೋಳು ಹಾಳೆಯ ನಡುವಿಗೆ ಮುಟ್ಟುವುದಿಲ್ಲ. ಮತ್ತೆ, ಪಿನ್ನು ತುಕ್ಕು ಹಿಡಿಯುತ್ತದೆ. ದಪ್ಪ ರಟ್ಟಿನ ಮೇಲೆ ಪುಸ್ತಿಕೆ ತೆರೆದಿಟ್ಟು ಮಡಿಕೆಯಲ್ಲಿ ದಬ್ಬಣದಿಂದ ಮೂರು ತೂತು: ನಡುವೆ 105 ಮಿಲಿಮೀಟರಿನಲ್ಲಿ ಒಂದು, ಮೇಲೆ ಕೆಳಗೆ ಅಂಚಿನಿಂದ 35ರಲ್ಲಿ ಒಂದೊಂದು. ದಾರದ ಉದ್ದ ಬೆನ್ನಿನ ಎರಡೂವರೆ ಪಟ್ಟು. ಒಳಗಿನಿಂದ ನಡು ತೂತಿನ ಮೂಲಕ ಸೂಜಿ ಹೊರಗೆ, ಮೇಲಿನ ತೂತಿನಿಂದ ಒಳಗೆ, ನಡುವನ್ನು ಬಿಟ್ಟು ನೇರ ಕೆಳಗಿನ ತೂತಿನಿಂದ ಹೊರಗೆ, ಮತ್ತೆ ನಡುವಿನಿಂದ ಒಳಗೆ. ದಾರದ ಎರಡು ತುದಿಗಳು ಉದ್ದನೆಯ ಹೊಲಿಗೆಯ ಅತ್ತ ಒಂದು ಇತ್ತ ಒಂದು ಬರಬೇಕು. ಅದನ್ನು ನಡುವೆ ಸಿಕ್ಕಿಸಿ ಗಂಟು ಹಾಕಿದರೆ ಬಿಚ್ಚುವುದಿಲ್ಲ. ದಾರವನ್ನು ಜಗ್ಗುವಾಗ ಬೆನ್ನಿನ ಉದ್ದಕ್ಕೇ ಜಗ್ಗಬೇಕು. ಮೇಲಕ್ಕೆ ಎಳೆದರೆ ತೂತು ಹರಿಯುತ್ತದೆ.

ಹೊಲಿದಾದ ಮೇಲೆ ಗಂಟನ್ನು ಜಗ್ಗಿ ನೋಡಿದೆ. ಎಷ್ಟು ಸಲ ಎಂದು ಕೇಳಬೇಡಿ.

ಮುಂದಿನದು

ಪ್ರತಿಗಳು ಸ್ನೇಹಿತರ ಕೈಗೆ ಹೋದವು. ನನಗೆ ಬಂದ ಪ್ರತಿಕ್ರಿಯೆಗಳಲ್ಲಿ ಬೀಗದ ಬಗ್ಗೆ ಇದ್ದದ್ದು ಕಡಿಮೆ. ಒಬ್ಬರು ಗ್ಯಾಸ್ ಒಲೆಯ ಬಗ್ಗೆ ಹೇಳಿದರು, ಇನ್ನೊಬ್ಬರು ಕಳಿಸಿದ ಮೇಲೂ ಹತ್ತು ಸಲ ಓದುವ ಇಮೇಲ್ ಬಗ್ಗೆ. ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲವಂತೆ. ನನ್ನ ಬೀಗ ಇಷ್ಟು ನಿರ್ದಿಷ್ಟವಾಗಿರದೆ ಬರೀ ‘ಆತಂಕ’ ಆಗಿದ್ದರೆ ಆ ಒಲೆಯೂ ಇಮೇಲೂ ಹೊರಗೆ ಬರುತ್ತಿರಲಿಲ್ಲ ಎಂದು ನನ್ನ ಊಹೆ.

ಅಕ್ಕ ಈಗ ತನ್ನ ಕಡೆಯ ಕತೆ ತಾನೇ ಬರೆಯುತ್ತೇನೆ ಎಂದಿದ್ದಾಳೆ. 16 ಪುಟ ಅವಳಿಗೆ ಜಾಸ್ತಿ, ಹೊಲಿಗೆಯ ತಾಳ್ಮೆಯಂತೂ ಇಲ್ಲವೇ ಇಲ್ಲ. ಹಾಗಾಗಿ ಒಂದೇ ಎ4 ಹಾಳೆಯ 8 ಪುಟದ ಪುಸ್ತಿಕೆ. ಹಾಳೆಯನ್ನು ಅಡ್ಡಕ್ಕಿಟ್ಟು ಎಂಟು ಸಮ ಭಾಗವಾಗಿ ಮಡಚಬೇಕು, ಪ್ರತಿ ಪುಟ ಸುಮಾರು 74 x 105. ಕೆಳಸಾಲಿನಲ್ಲಿ ಎಡದಿಂದ 6, 7, 8, 1. ಮೇಲಿನ ಸಾಲಿನಲ್ಲಿ ತಲೆಕೆಳಗಾಗಿ 5, 4, 3, 2. ನಡುವಿನ ಅಡ್ಡ ಮಡಿಕೆಯಲ್ಲಿ, ಮಧ್ಯದ ಎರಡು ಪುಟಗಳಷ್ಟು ಉದ್ದಕ್ಕೆ ಮಾತ್ರ ಸೀಳು ಹಾಕಿ, ಎರಡೂ ತುದಿಯಿಂದ ಒಳಕ್ಕೆ ತಳ್ಳಿದರೆ ಪುಸ್ತಕ ತಾನಾಗಿ ಮಡಚಿಕೊಳ್ಳುತ್ತದೆ. ದಾರ ಬೇಡ, ಪಿನ್ನು ಬೇಡ.

ಪುಟದ ಅಂಕಿ ಹಾಕಿ, ಸೀಳು ಹಾಕಿದ ಹಾಳೆಯನ್ನು ಅವಳಿಗೆ ಕಳಿಸಿದ್ದೇನೆ. ಸದ್ಯಕ್ಕೆ ಬಂದಿರುವುದು ಮೊದಲ ಪುಟದ ಫೋಟೋ ಮಾತ್ರ. ಅದರಲ್ಲಿ ನನ್ನ ಮೂಗು ಅವಳದ್ದಕ್ಕಿಂತ ಉದ್ದವಿದೆ. ‘ಪಾಸ್, ಆದರೆ ಫೋಟೋ ಅಲುಗಿದೆ’ ಎಂದು ಉತ್ತರ ಕಳಿಸಿದೆ.